ಹಾಡು ಪಾಠವಾಗುವುದು ಯಾವಾಗ?

ರಾಜ್ಯಶಾಸ್ತ್ರದ ತರಗತಿಯಲ್ಲಿ ಜನಪ್ರಿಯ ಹಾಡುಗಳನ್ನು ಕೇಳಿಸಿ ಪಾಠ ಹೇಳುವ ಪದ್ಧತಿ ದೇಶವಿದೇಶಗಳ ವಿಶ್ವವಿದ್ಯಾನಿಲಯಗಳಲ್ಲಿ ಬಳಕೆಯಲ್ಲಿದೆ. ಸಾಲ ಮಾಡಿ ಮಕ್ಕಳನ್ನು ಓದಿಸುವ ಹೆತ್ತವರು "ಇದೂ ಒಂದು ಪಾಠವೇ?" ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ.

ಹಾಡಿನ ಮೂಲಕ ರಾಜಕೀಯ ಕಲಿಸುವುದು ನಮ್ಮ ನಾಡಿಗೆ ಹೊಸತಲ್ಲ. 1970ರ ದಶಕದ ದಲಿತ ಚಳವಳಿಯೊಡನೆ ಬೆಳೆದ ಸಿದ್ದಲಿಂಗಯ್ಯನವರ ಗೀತೆಗಳು, 1947ರ ಸ್ವಾತಂತ್ರ್ಯವು ಯಾರ ಹೊಸ್ತಿಲನ್ನು ತಲುಪಿತೆಂಬ ಪ್ರಶ್ನೆಯನ್ನು ಓದುಬರಹ ಬಾರದವರ ಬಾಯಲ್ಲೂ ಇರಿಸಿದವು. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೆಯ ವಿಧಿಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ, ಆ ವಿಧಿ ಏಕೆ ಬೇಕಾಯಿತೆಂಬುದನ್ನು ಇಂಥ ಗೀತೆ ಮನಗಾಣಿಸಬಲ್ಲದು.

ಆದರೆ ರಾಗವು ಅರ್ಥವನ್ನು ನುಂಗುವುದೂ ಉಂಟು. ಗಡೀಪಾರಾದವರ ಗೋಳನ್ನು ಹೇಳುವ 137ನೆಯ ಕೀರ್ತನೆಯನ್ನು ಆಧರಿಸಿ ಜಮೈಕಾದ ಗಾಯಕರು 1970ರಲ್ಲಿ ಹಾಡು ಕಟ್ಟಿದರು. ಅವರ ಪಾಲಿಗೆ ಬಾಬಿಲೋನೆಂದರೆ ದಬ್ಬಾಳಿಕೆಯ ಅಧಿಕಾರ. 1978ರಲ್ಲಿ ಬೋನಿ ಎಂ ತಂಡದ ಕಂಠದಲ್ಲಿ ಅದೇ ಹಾಡು ಜಗತ್ತನ್ನೇ ಕುಣಿಸಿತು. ಕುಣಿದವರಲ್ಲಿ ಎಷ್ಟು ಮಂದಿಗೆ ಸೆರೆಯಾಳುಗಳ ನೆನಪಾಯಿತೋ!

ಇದಕ್ಕಿಂತ ಘೋರವಾದ ಅಪಾಯವೂ ಇದೆ. 1994ರ ರುವಾಂಡಾ ನರಮೇಧದಲ್ಲಿ ದ್ವೇಷ ಬಿತ್ತಲು ಹಾಡುಗಳನ್ನು ಬಳಸಲಾಗಿತ್ತು. ಮನಸ್ಸನ್ನು ಕಲಕುವ ಶಕ್ತಿ ಸತ್ಯಕ್ಕೆ ಪ್ರಮಾಣವಲ್ಲ.

ನಮ್ಮ ಸಮೀಪದ ಉದಾಹರಣೆಯನ್ನೇ ನೋಡೋಣ. ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆದಡದ ವಿರೂಪಾಪುರಗಡ್ಡೆ ವಿದೇಶಿ ಪ್ರವಾಸಿಗರಲ್ಲಿ 'ಹಿಪ್ಪಿ ದ್ವೀಪ'ವೆಂದೇ ಹೆಸರಾಗಿತ್ತು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಬಳಿಕ, ಮಾರ್ಚ್‌ನಲ್ಲಿ ಅಲ್ಲಿನ ಅನಧಿಕೃತ ರೆಸಾರ್ಟ್‌ಗಳನ್ನು ಕೆಡವಲಾಯಿತು. ಈ ಪ್ರಕರಣವನ್ನು ಕಲಿಸುವ ಅಧ್ಯಾಪಕರು ಬಿಡುಗಡೆಯ ಹಾಡೊಂದನ್ನು ಕೇಳಿಸಿದರೆ, ಅಲ್ಲಿ ದುಡಿದು ಅನ್ನ ಕಳೆದುಕೊಂಡವರ ಸಂಕಟ ವಿದ್ಯಾರ್ಥಿಗಳಿಗೆ ತಟ್ಟೀತು. ಅದು ತಟ್ಟಲೇಬೇಕು. ಆದರೆ ಪ್ರಾಚೀನ ಸ್ಮಾರಕಗಳ ಕುರಿತ 1961ರ ರಾಜ್ಯದ ಕಾಯ್ದೆ ಏನು ಹೇಳುತ್ತದೆ, ಪರಂಪರೆಯ ನೆಲ ಯಾರಿಗೆ ಸೇರಿದ್ದು, ಬಡವನ ಜೀವನೋಪಾಯಕ್ಕೆ ಯಾರು ಹೊಣೆ ಎಂಬುದನ್ನು ಯಾವ ಹಾಡೂ ತೀರ್ಮಾನಿಸದು. ಅದಕ್ಕೆ ಕಾಯ್ದೆಯನ್ನೂ ತೀರ್ಪನ್ನೂ ಓದಿ, ವಾದ ಪ್ರತಿವಾದಗಳನ್ನು ತೂಗಿ ನೋಡಬೇಕು.

ಆದುದರಿಂದ ಹಾಡನ್ನು ತರಗತಿಯಿಂದ ಹೊರಗಟ್ಟುವುದು ಬೇಡ. ಅಧ್ಯಯನದ ಸ್ಥಾನದಲ್ಲಿ ಕೂರಿಸುವುದೂ ಬೇಡ. ಎದುರು ಪಕ್ಷದ ಹಾಡನ್ನೂ ಕೇಳಿಸಿ, ಒಪ್ಪದಿರುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗೆ ಕೊಡುವ ಅಧ್ಯಾಪಕರಿಗೆ ಮಾತ್ರ ಈ ಸಾಧನ ಒಪ್ಪುತ್ತದೆ. ಹೆತ್ತವರೇ, ಸಂಜೆ ಮನೆಗೆ ಬಂದ ಮಗಳನ್ನು ಯಾವ ಹಾಡು ಕೇಳಿದೆಯೆಂದು ವಿಚಾರಿಸಿ. ಅದರ ಮೇಲೆ ತರಗತಿಯಲ್ಲಿ ಯಾವ ಚರ್ಚೆ ನಡೆಯಿತೆಂದೂ ತಪ್ಪದೆ ಕೇಳಿ.