ಮಂಕಲ್ಲ, ಪದಕ್ಕೆ ಬಿಟ್ಟ ಜಾಗ

ಬೇಸ್ ಗಿಟಾರಿನ ಫ್ಲಾಟ್‌ವೌಂಡ್ ತಂತಿಯ ನಾದ ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು, ‘ಮಂಕು’. ಹೊಳಪಿಲ್ಲ, ಬೇಗ ಅಡಗಿಹೋಗುತ್ತದೆ ಎಂಬ ದೂರೂ ಜೊತೆಗಿರುತ್ತದೆ. ಎರಡೂ ನಿಜ. ಆದರೆ ಅವು ದೋಷಗಳೇ ಎಂಬುದು ನನ್ನ ಪ್ರಶ್ನೆ.

ಬೇಸ್ ತಂತಿಯ ನಡುವೆ ಉಕ್ಕಿನ ಎಳೆ, ಅದರ ಮೇಲೆ ಲೋಹದ ಸುತ್ತು. ದುಂಡನೆಯ ತಂತಿ ಸುತ್ತಿದರೆ ರೌಂಡ್‌ವೌಂಡ್: ಮೈ ತರಿತರಿ, ಬೆರಳು ಜಾರಿದರೆ ಕಿರ್ರೆನ್ನುತ್ತದೆ, ನಾದ ಮಿಂಚಿ ಬಹಳ ಹೊತ್ತು ಮೊಳಗುತ್ತದೆ. ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೌಂಡ್: ಮೈ ನುಣುಪು, ನಾದ ‘ಧುಂ’ ಎಂದು ಹುಟ್ಟಿ ಬೇಗ ತಗ್ಗುತ್ತದೆ.

ಹಾಗೆ ತಗ್ಗುವುದರ ಬೆಲೆ ತಿಳಿಯಲು ಜೇಮ್ಸ್ ಜೇಮರ್‌ಸನ್ ಅವರನ್ನು ಕೇಳಬೇಕು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಅವರು ದಪ್ಪನೆಯ ಫ್ಲಾಟ್‌ವೌಂಡ್ ತಂತಿಗಳನ್ನು ಒಂದೇ ತೋರುಬೆರಳಿನಿಂದ ಮೀಟುತ್ತಿದ್ದರು. ಹಳೆಯ ತಂತಿ ಬದಲಿಸುವುದೇ ಅಪರೂಪ. 1971ರಲ್ಲಿ ಬಂದ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹಾಡಿನಲ್ಲಿ ಬೇಸ್ ಸುಮ್ಮನಿರುವುದೇ ಇಲ್ಲ. ಆದರೂ ಒಂದು ಪದವೂ ಮುಚ್ಚಿಹೋಗುವುದಿಲ್ಲ. ಪ್ರತಿ ಸ್ವರವೂ ತನ್ನ ಕೆಲಸ ಮುಗಿಸಿ ಸರಿದು ನಿಲ್ಲುತ್ತದೆ.

ತಂಬೂರಿಯ ನಾಡಿನ ಕಿವಿಗೆ ಇದು ಒಗ್ಗುವುದು ಕಷ್ಟ ಎನ್ನಬಹುದು. ಕುದುರೆಯ ಮೇಲೆ ನೂಲೆಳೆ ಸಿಕ್ಕಿಸಿ ನಾದವನ್ನು ಝೇಂಕರಿಸುವಂತೆ ಮಾಡುವವರು ನಾವು. ಆದರೆ ತಂಬೂರಿ ನಿಂತಲ್ಲೇ ನಿಲ್ಲುವ ಶ್ರುತಿ. ಬೇಸ್ ನಡೆಯುವ ವಾದ್ಯ. ಹಿಂದಿನ ಹೆಜ್ಜೆಯ ಸದ್ದು ಅಡಗದಿದ್ದರೆ ಮುಂದಿನದು ಕಲಸಿಹೋಗುತ್ತದೆ.

ನಾನಿರುವ ಜಾಲಿ ಭಟ್ಕಳದ ಕಡಲಂಚು. ಉತ್ತರಕ್ಕೆ ಹೊನ್ನಾವರ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆ. ಬಡಗಿನ ಆಟ ನೋಡಿದವರಿಗೆ ಗೊತ್ತು: ಭಾಗವತರ ಪದಕ್ಕೆ ಒತ್ತಾಸೆ ಮದ್ದಳೆ, ರಭಸ ಬೇಕಾದಾಗ ಚಂಡೆ. ಚಂಡೆಯ ಸದ್ದು ಗದ್ದೆಯಾಚೆಗೂ ಮುಟ್ಟುತ್ತದೆ. ಮದ್ದಳೆ ಇತ್ತೆಂಬುದು ಅದು ನಿಂತಾಗ ತಿಳಿಯುತ್ತದೆ. ಹಾಗೆಂದು ಮದ್ದಳೆಯನ್ನು ಮಂಕಾದ ಚಂಡೆ ಎಂದು ಯಾರೂ ಕರೆಯುವುದಿಲ್ಲ.

ಕನ್ನಡದ ಹಾಡಿಗೆ ಈ ಗುಣ ಇನ್ನೂ ಹೆಚ್ಚು ಹೊಂದುತ್ತದೆಂದು ನನಗನ್ನಿಸುತ್ತದೆ. ನಮ್ಮ ಪದಗಳು ಬಹುಪಾಲು ಅ, ಇ, ಉ, ಎಗಳಲ್ಲಿ ಮುಗಿಯುತ್ತವೆ. ಗಾಯಕರು ಭಾವ ತುಂಬುವುದು ಆ ಕೊನೆಯ ಅಕ್ಷರವನ್ನು ಎಳೆದೇ. ಅಲ್ಲಿ ಬೇಸ್ ಕೂಡ ಮಿಂಚುತ್ತ ನಿಂತರೆ ಎಳೆತ ಯಾರದ್ದೆಂದು ಗೊತ್ತಾಗದು. ಎಲ್ಲ ಹಾಡಿಗೂ ಇದೇ ಮದ್ದು ಎನ್ನುತ್ತಿಲ್ಲ. ‘ದ ಹೂ’ ತಂಡದ ಜಾನ್ ಎಂಟ್‌ವಿಸಲ್ ರೌಂಡ್‌ವೌಂಡ್ ತಂತಿಯಿಂದ ಬೇಸನ್ನು ಮುಂದಕ್ಕೆ ತಂದು ನಿಲ್ಲಿಸಿದರು. ಅಬ್ಬರದ ರಾಕ್‌ಗೆ ಆ ಹೊಳಪೇ ಬೇಕಿತ್ತು.

ನಮ್ಮ ಚಿತ್ರಗೀತೆಗಳ ವಿಮರ್ಶೆ ಇಷ್ಟು ಕೆಳಗೆ ಇಳಿದು ಕೇಳುವುದು ಕಡಿಮೆ. 1983ರ ‘ಪಲ್ಲವಿ ಅನುಪಲ್ಲವಿ’ ಎಂದರೆ ಇಳಯರಾಜಾ, ಜಯಗೋಪಾಲ್, ಎಸ್‌ಪಿಬಿ, ಜಾನಕಿ ಎನ್ನುತ್ತೇವೆ. ಬೇಸ್ ನುಡಿಸಿದವರು ಯಾರೆಂದು ಎಷ್ಟು ಜನ ಕೇಳಿದ್ದೇವೆ?

ಈಗ ಹಾಡು ಕೇಳುವುದೇ ಫೋನಿನಲ್ಲಿ. ಅದರ ಪುಟ್ಟ ಸ್ಪೀಕರು ತಗ್ಗಿನ ನಾದವನ್ನು ಹೊರಡಿಸಲಾರದು. ರೌಂಡ್‌ವೌಂಡ್ ತನ್ನ ಮಿಂಚಿನ ಬಲದಿಂದ ಅಲ್ಲೂ ಅಷ್ಟಿಷ್ಟು ಉಳಿಯುತ್ತದೆ, ಫ್ಲಾಟ್‌ವೌಂಡ್ ಹೆಚ್ಚುಕಡಿಮೆ ಮಾಯವಾಗುತ್ತದೆ. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಆಮೇಲೂ ಮಂಕು ಎನಿಸಿದರೆ ನನ್ನ ತಕರಾರಿಲ್ಲ.