ನೋವಿಗೆ ಸಂಗೀತ: ಪುರಾವೆ ಎಷ್ಟು ಗಟ್ಟಿ?

ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ ಸಂಗೀತ ಕೇಳಿಸಿದರೆ ನೋವು, ಆತಂಕಗಳು ತಗ್ಗುತ್ತವೆಯೆ? ಹೌದು ಎನ್ನುತ್ತದೆ, 2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆ. ಬ್ರಿಟನ್ನಿನ ಜೆನ್ನಿ ಹೋಲ್ ಮತ್ತು ಸಂಗಡಿಗರು 73 ಪ್ರಯೋಗಗಳ, ಸುಮಾರು 7,000 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸಂಗೀತ ಕೇಳಿದವರಲ್ಲಿ ನೋವು, ಆತಂಕ, ನೋವು ನಿವಾರಕಗಳ ಬಳಕೆ ಮೂರೂ ಕಡಿಮೆ ಇದ್ದವು. ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಮಾತ್ರ ಕಡಿಮೆಯಾಗಲಿಲ್ಲ.

ಇದರಲ್ಲಿ ಅಸಂಭವವಾದುದೇನೂ ಇಲ್ಲ. ಗಾಯದಿಂದ ಹೊರಟ ನರಸಂದೇಶವನ್ನು ತಡೆಯುವ ಇಲ್ಲವೆ ಒಳಬಿಡುವ 'ಬಾಗಿಲು' ಬೆನ್ನುಹುರಿಯಲ್ಲಿದೆ, ಮಿದುಳಿನಿಂದ ಇಳಿದು ಬರುವ ಸಂದೇಶಗಳೂ ಅದನ್ನು ನಿಯಂತ್ರಿಸುತ್ತವೆ ಎಂದು ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಸೂಚಿಸಿದರು. ವಿವರಗಳು ಬಳಿಕ ತಿದ್ದುಪಡಿಯಾದರೂ ಮೂಲ ವಿಚಾರ ಉಳಿದಿದೆ. ಭಯ ನೋವನ್ನು ಹೆಚ್ಚಿಸುತ್ತದೆ. ಗಮನ ಬೇರೆಡೆ ಹರಿದರೆ ನೋವು ತಗ್ಗುತ್ತದೆ.

ಆದರೆ ಪುರಾವೆಯನ್ನು ತೂಗಿ ನೋಡಬೇಕು. ಔಷಧಿಯ ಪರೀಕ್ಷೆಯಲ್ಲಿ ನಿಜವಾದ ಗುಳಿಗೆ ಯಾರಿಗೆ, ಹುಸಿ ಗುಳಿಗೆ ಯಾರಿಗೆ ಎಂಬುದು ರೋಗಿಗೆ ತಿಳಿಯದಂತೆ ಮರೆಮಾಡುತ್ತಾರೆ. ಎಚ್ಚರವಿರುವ ರೋಗಿಗೆ ತಾನು ಸಂಗೀತ ಕೇಳುತ್ತಿದ್ದೇನೆಂಬುದು ಗೊತ್ತೇ ಇರುತ್ತದೆ. ನೋವಿಗೆ ಅಂಕ ಕೊಡುವವರೂ ಅವರೇ. ಗುಣವಾಗುತ್ತದೆಂಬ ನಿರೀಕ್ಷೆ ಆ ಅಂಕದಲ್ಲಿ ಸೇರಿಕೊಳ್ಳುವುದನ್ನು ತಪ್ಪಿಸುವುದು ಕಷ್ಟ.

ಎರಡನೆಯದು, ಪರಿಣಾಮದ ಗಾತ್ರ. 2006ರ ಕಾಕ್ರೇನ್ ಸಮೀಕ್ಷೆ 51 ಪ್ರಯೋಗಗಳನ್ನು ಪರಿಶೀಲಿಸಿ, 0ಯಿಂದ 10ರವರೆಗಿನ ನೋವಿನ ಮಾಪಕದಲ್ಲಿ ಸಂಗೀತದಿಂದಾದ ಇಳಿಕೆ ಸರಾಸರಿ 0.5 ಮಾತ್ರ ಎಂದಿತು. ಅಂದರೆ 5ರಷ್ಟಿದ್ದ ನೋವು 4.5 ಆಗುತ್ತದೆ. ಲ್ಯಾನ್ಸೆಟ್ ಸಮೀಕ್ಷೆಯ ಅಂದಾಜು ಇದಕ್ಕಿಂತ ದೊಡ್ಡದು. ಆದರೆ ಅದರಲ್ಲಿ ಸೇರಿದ ಶಸ್ತ್ರಕ್ರಿಯೆಗಳು, ಸಂಗೀತದ ಬಗೆಗಳು, ಕೇಳಿಸಿದ ಸಮಯ ಎಲ್ಲವೂ ಬೇರೆ ಬೇರೆ. ಇಂಥವುಗಳ ಸರಾಸರಿಯನ್ನು ಒಬ್ಬ ರೋಗಿಗೆ ನೇರವಾಗಿ ಅನ್ವಯಿಸಲಾಗದು.

ಮರೆಮಾಡುವ ಸಮಸ್ಯೆಗೆ ಜರ್ಮನಿಯ ಸಂಶೋಧಕರು ಒಂದು ಉಪಾಯ ಕಂಡುಕೊಂಡರು. 2020ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಐದು ಆಸ್ಪತ್ರೆಗಳ 385 ರೋಗಿಗಳಿಗೆ, ಪೂರ್ಣ ಅರಿವಳಿಕೆಯಲ್ಲಿರುವಾಗಲೇ ಇಯರ್‌ಫೋನ್ ಹಾಕಿದರು. ಒಂದು ಗುಂಪಿಗೆ ಧ್ವನಿಮುದ್ರಿಕೆ, ಇನ್ನೊಂದಕ್ಕೆ ಬರಿಯ ಮೌನ. ಮೊದಲ ಗುಂಪಿಗೆ ಮುಂದಿನ 24 ಗಂಟೆಗಳಲ್ಲಿ ಅಫೀಮು ಜಾತಿಯ ನೋವು ನಿವಾರಕಗಳು ಸುಮಾರು ಮೂರನೇ ಒಂದು ಭಾಗ ಕಡಿಮೆ ಸಾಕಾದವು. ಉತ್ತಮ ವಿನ್ಯಾಸವೇ ಸರಿ. ಆದರೆ ಧ್ವನಿಮುದ್ರಿಕೆಯಲ್ಲಿ ಸಂಗೀತದ ಜೊತೆಗೆ ಧೈರ್ಯ ತುಂಬುವ ಮಾತುಗಳೂ ಇದ್ದವು. ಯಾವುದರ ಫಲ ಎಷ್ಟು ಎಂದು ಇದರಿಂದ ಬೇರ್ಪಡಿಸಲಾಗದು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗ ಸಂಗೀತವನ್ನು ಔಷಧಿಯೊಂದಿಗೇ ಹೋಲಿಸಿತು. ನರಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಡುವ ಮೊದಲು 157 ಮಂದಿಯಲ್ಲಿ ಕೆಲವರಿಗೆ ಮಿಡಜೋಲಾಂ, ಉಳಿದವರಿಗೆ ಸಂಗೀತ. ಆತಂಕದ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ತೃಪ್ತರಾದವರು ಮಾತ್ರ ಔಷಧಿ ಪಡೆದವರೇ. ಎಲ್ಲರಿಗೂ ಒಂದೇ ಸಂಗೀತ ಕೇಳಿಸಿದ್ದರು. ರೋಗಿಗೆ ಆಯ್ಕೆ ಇರಲಿಲ್ಲ. ಹೆಡ್‌ಫೋನ್‌ನಿಂದ ವೈದ್ಯರೊಡನೆ ಮಾತುಕತೆಗೂ ಅಡ್ಡಿಯಾಯಿತು. ವ್ಯತ್ಯಾಸ ಕಾಣಲಿಲ್ಲ ಎಂದರೆ ಎರಡೂ ಸಮ ಎಂದು ಸಾಧಿಸಿದಂತಲ್ಲ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಸಂಗೀತ ಬೇಡವೆ? ಬೇಕು. ಖರ್ಚು ಅಲ್ಪ, ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ರೋಗಿ ಒಪ್ಪಿದರೆ ಅವರಿಗೆ ಇಷ್ಟವಾದುದನ್ನು ಕೇಳಿಸಬಹುದು. ಆದರೆ ಅದು ನೋವು ನಿವಾರಕದ ಜೊತೆಗೆ, ಬದಲಿಗಲ್ಲ. ಸಂಗೀತವೇ ಸಾಕೆಂದು ಔಷಧಿ ತಪ್ಪಿಸಿದರೆ ನರಳುವವರು ರೋಗಿ. ಇಂಥ ರಾಗ ಇಂಥ ರೋಗಕ್ಕೆ ಎಂಬ ಪಟ್ಟಿಗಳಿಗಂತೂ ಈ ಪ್ರಯೋಗಗಳು ಆಧಾರ ಒದಗಿಸುವುದಿಲ್ಲ.

ಇಂಥ ಸುದ್ದಿ ಓದಿದಾಗ ತರಗತಿಯಲ್ಲಿ ಮೂರು ಪ್ರಶ್ನೆ ಕೇಳಿ: ಯಾವುದರೊಂದಿಗೆ ಹೋಲಿಸಿದರು? ಅಳೆದವರು ಯಾರು? ಇಳಿದದ್ದು ಎಷ್ಟು?