ಪಾಡ್ದನದ ಹಂದಿ, ಪರದೆಯ ದೈವ: ‘ಕಾಂತಾರ’ದಲ್ಲಿ ಪುರಾಣದ ರೂಪಾಂತರ

ಪುರಾಣವನ್ನು ನೇರವಾಗಿ ನಿರೂಪಿಸುವ ಪರಂಪರೆ ಕನ್ನಡ ಚಿತ್ರರಂಗದಲ್ಲಿ ‘ಬೇಡರ ಕಣ್ಣಪ್ಪ’ (1954), ‘ಬಭ್ರುವಾಹನ’ (1977) ಮೊದಲಾದವುಗಳಲ್ಲಿ ಕಾಣುತ್ತದೆ. ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ತುಳುನಾಡಿನ ದೈವಪುರಾಣವನ್ನು ಭೂವಿವಾದದ ಕಥನವೊಂದರ ಒಳರಚನೆಯಾಗಿ ಬಳಸಿಕೊಂಡಿದೆ. 1847ರಲ್ಲಿ ಅರಸನು ಕೊಟ್ಟ ಭೂಮಿಯನ್ನು 1990ರಲ್ಲಿ ಅವನ ವಂಶದ ಧಣಿಯು ಕಬಳಿಸಹೊರಡುವುದು ಅದರ ವಸ್ತು.

ಪಾಡ್ದನಗಳ ಕೆಲವು ಪಾಠಗಳಲ್ಲಿ ಪಂಜುರ್ಲಿಯು ಶಿವನ ಉದ್ಯಾನವನ್ನು ಹಾಳುಗೆಡವಿ ಭೂಲೋಕಕ್ಕೆ ಬಂದ ಹಂದಿ. ಬೆಳೆ ನಾಶಮಾಡುವ ಪ್ರಾಣಿಯೇ ನಂಬಿದವರ ಬೆಳೆ ಕಾಯುವ ದೈವವಾಗುತ್ತದೆ. ಇದು ಕಾಡು ಮತ್ತು ಗದ್ದೆಗಳ ನಡುವಣ ಒಡಂಬಡಿಕೆಯ ಪುರಾಣ. ಚಿತ್ರಾಂತ್ಯದಲ್ಲಿ ದೈವವು ಊರವರ ಮತ್ತು ಅರಣ್ಯಾಧಿಕಾರಿಯ ಕೈಗಳನ್ನು ಕೂಡಿಸುವ ದೃಶ್ಯ ಈ ಒಡಂಬಡಿಕೆಯ ಪುನರುಕ್ತಿಯೇ ಆಗಿದೆ.

ಗುಳಿಗನ ವಿಷಯದಲ್ಲಿ ಹಾಗಾಗಿಲ್ಲ. ಅವನ ತಣಿಯದ ಹಸಿವಿಗೆ ವಿಷ್ಣು ತನ್ನ ಕಿರುಬೆರಳನ್ನೇ ನೀಡಿದನೆಂಬ ಐತಿಹ್ಯವಿದೆ. ಉಗ್ರತೆಗೆ ಅಲ್ಲೊಂದು ಮಿತಿಯಿದೆ. ಚಿತ್ರದಲ್ಲಾದರೋ ಆ ಉಗ್ರತೆ ನಾಯಕನ ಮೈಯೇರಿ ಧಣಿಯ ವಧೆಯಲ್ಲಿ ತೀರುತ್ತದೆ. ಭೂತಕೋಲದಲ್ಲಿ ನ್ಯಾಯವು ದೈವದ ‘ನುಡಿ’ಯ ಮೂಲಕ, ಊರವರ ಸಮಕ್ಷಮದಲ್ಲಿ ರೂಪುಗೊಳ್ಳುತ್ತದೆ, ದುರ್ಬಲನೂ ಅಲ್ಲಿ ತನ್ನ ದೂರನ್ನು ಹೇಳಬಲ್ಲ. ಆ ಸಾಮುದಾಯಿಕ ನ್ಯಾಯವನ್ನು ಚಿತ್ರವು ಏಕವೀರನ ಪ್ರತೀಕಾರವಾಗಿ ಸಂಕ್ಷೇಪಿಸಿದೆ.

ಕೋಲವನ್ನು ಎಂದೂ ಕಾಣದ ಪ್ರೇಕ್ಷಕರಿಗೆ ಈ ಚಿತ್ರವೇ ಮೊದಲ ಪಾಠವಾಗಿದೆ. ಆದ್ದರಿಂದ ಪರದೆಯ ಅಬ್ಬರದ ಪಕ್ಕದಲ್ಲಿ, ನೇಜಿ ನೆಡುತ್ತ ಪಾಡ್ದನ ಹಾಡಿದ ಹೆಂಗಸರ ಪಾಠಗಳನ್ನೂ ಇರಿಸಿ ಓದುವುದು ಜಾನಪದ ವಿಮರ್ಶೆಯ ಕರ್ತವ್ಯವಾಗಿದೆ.